ಆಟದ ರೈಲಿಗೂ ಒಂದು ಊರು ಬೇಕು

ಆಟದ ರೈಲು ಎಷ್ಟೇ ಚೆನ್ನಾಗಿರಲಿ, ಹತ್ತು ನಿಮಿಷ ನೋಡಿದರೆ ಸಾಕೆನಿಸುತ್ತದೆ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುವ ಗಾಡಿ ಅದು. ಮಕ್ಕಳೇ ಬೇಸರಪಟ್ಟು ಎದ್ದುಹೋಗುತ್ತಾರೆ. ಹೀಗಿರುವಾಗ ಬ್ರಿಟನ್ನಿನಲ್ಲಿ ತಲೆ ನರೆತ ದೊಡ್ಡವರು ಮಾದರಿ ರೈಲಿನ ಕ್ಲಬ್ಬು ಕಟ್ಟಿಕೊಂಡು, ವಾರವಾರವೂ ಸೇರಿ, ಒಂದೇ ರೈಲುಹಾದಿಯ ಮೇಲೆ ಇಪ್ಪತ್ತು ಮೂವತ್ತು ವರ್ಷ ಕೆಲಸ ಮಾಡುತ್ತಾರಲ್ಲ, ಅಷ್ಟು ಕಾಲ ಅವರು ಮಾಡುವುದಾದರೂ ಏನು? ರೈಲು ಓಡಿಸುವುದು ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಹುಲ್ಲು ನೆಡುತ್ತಾರೆ, ಗೋಡೆ ಕಟ್ಟುತ್ತಾರೆ, ಮರ ಬೆಳೆಸುತ್ತಾರೆ.

ನಮಗೆ ಇದು ಅಷ್ಟೇನೂ ಹೊಸತಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಪಕ್ಕ ಒಂದು ಪಾರ್ಕು ಮಾಡುವುದುಂಟು. ಮಣ್ಣು ಹರಡಿ, ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ ಮೊಳಕೆ ಬರಿಸಿ, ಕನ್ನಡಿಯ ಚೂರಿಟ್ಟು ಕೆರೆ ಮಾಡುತ್ತಾರೆ. ಆದರೆ ಆ ಊರಿನ ಆಯುಷ್ಯ ಹತ್ತೇ ದಿನ. ಈ ಕ್ಲಬ್ಬಿನವರ ಊರು ಮುಗಿಯುವುದೇ ಇಲ್ಲ.

ಲಂಡನ್ನಿನ ‘ಮಾಡೆಲ್ ರೈಲ್ವೆ ಕ್ಲಬ್’ ಹುಟ್ಟಿದ್ದು 1910ರಲ್ಲಿ. ಜಗತ್ತಿನಲ್ಲೇ ಹಳೆಯದೆಂದು ಅದಕ್ಕೆ ಹೆಸರು. ಆಗಿನ ಕಾಲದಲ್ಲಿ ಎಂಜಿನ್ನು, ಹಳಿ, ಸಿಗ್ನಲ್ಲುಗಳದೇ ದರ್ಬಾರು. ಹುಲ್ಲು ಬೇಕೆಂದರೆ ಮರದ ಹೊಟ್ಟಿಗೆ ಹಸಿರು ಬಣ್ಣ ಹಾಕಿ ಉದುರಿಸಿದರೆ ಆಯಿತು. 1930ರ ದಶಕದಲ್ಲಿ ಜಾನ್ ಅಹರ್ನ್ ಎಂಬಾತ ‘ಮ್ಯಾಡರ್ ವ್ಯಾಲಿ’ ಎಂಬ ಕಲ್ಪಿತ ಕಣಿವೆಯನ್ನು ಮಾಡಿದ. ಅಲ್ಲಿ ರೈಲು ಊರಿನ ಮನೆಗಳ ನಡುವೆ, ಗುಡ್ಡದ ಬದಿಯಲ್ಲಿ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ನೋಡಿದವರಿಗೆ ರೈಲಿಗಿಂತ ಹೆಚ್ಚಾಗಿ ಕಣ್ಣಲ್ಲಿ ನಿಂತದ್ದು ಊರು. ಮಾದರಿ ರೈಲಿನ ಲೋಕ ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಈಗಿನ ಉಪಾಯಗಳೇ ಬೇರೆ. ಹುಲ್ಲೆಂದರೆ ನೈಲಾನಿನ ಸಣ್ಣ ಎಳೆಗಳು. ಎರಡರಿಂದ ಆರು ಮಿಲಿಮೀಟರ್ ಉದ್ದ. ನೆಲಕ್ಕೆ ಅಂಟು ಬಳಿದು, ಚಹಾ ಸೋಸುವ ಜಾಲರಿಯಂಥ ಒಂದು ಸಾಧನದಿಂದ ಅವನ್ನು ಉದುರಿಸುತ್ತಾರೆ. ಅದರಲ್ಲಿ ಸ್ಥಿರ ವಿದ್ಯುತ್ತು ಇರುವುದರಿಂದ ಎಳೆಗಳು ಮಲಗದೆ ನೆಟ್ಟಗೆ ನಿಂತು ಅಂಟಿಕೊಳ್ಳುತ್ತವೆ. ಬಾಚಣಿಗೆಯ ಹತ್ತಿರ ಕೂದಲು ನಿಮಿರುತ್ತದಲ್ಲ, ಅದೇ ತಂತ್ರ. ಹಳಿಗಳ ನಡುವೆ ಸಣ್ಣ ಜಲ್ಲಿ ಹರಡಿ, ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಬೆರೆಸಿದ ನೀರನ್ನು ಚಿಮುಕಿಸಿ, ಆಮೇಲೆ ನಮ್ಮ ಫೆವಿಕಾಲ್‌ನಂಥ ಬಿಳಿ ಅಂಟನ್ನು ತೆಳುವಾಗಿಸಿ ತೊಟ್ಟು ತೊಟ್ಟಾಗಿ ಬಿಡುತ್ತಾರೆ. ಸೋಪಿಲ್ಲದಿದ್ದರೆ ನೀರು ಮಣಿಮಣಿಯಾಗಿ ನಿಂತು ಜಲ್ಲಿಯನ್ನೆಲ್ಲ ಕದಲಿಸಿಬಿಡುತ್ತದೆ.

ಇದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿದೆ. ದೃಶ್ಯವನ್ನು ಸುಧಾರಿಸಬೇಕು ಎಂದು ಕ್ಲಬ್ಬಿನಲ್ಲಿ ತೀರ್ಮಾನವಾಯಿತೆಂದರೆ ಮೊದಲು ಆಗುವ ಕೆಲಸ ಕೊಳಕು ಮಾಡುವುದು! ಹೊಳೆಯುವ ಹಳಿಯ ಬದಿಗೆ ತುಕ್ಕಿನ ಬಣ್ಣ, ಎಂಜಿನ್ನು ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ, ಸುರಂಗದ ಬಾಯಿಗೆ ಮಸಿ. ಹುಲ್ಲಾದರೂ ಒಂದೇ ಹಸಿರಲ್ಲ. ಒಣಗಿದ ಹಳದಿ ಸ್ವಲ್ಪ ಸೇರಲೇಬೇಕು. ನಿಜವಾದ ಊರು ಹೇಗಿರುತ್ತದೆ ಎಂದು ನೋಡಲು ಕಲಿತವನಿಗೆ ಮಾತ್ರ ಈ ಕೆಲಸ ಒಲಿಯುತ್ತದೆ.

ಲಂಡನ್ ಕ್ಲಬ್ಬಿನವರ ‘ಕೋಪನ್‌ಹೇಗನ್ ಫೀಲ್ಡ್ಸ್’ ಅಂಥ ನೋಟದ ಫಲ. ಹೆಸರು ಕೇಳಿ ಡೆನ್ಮಾರ್ಕಿಗೆ ಹೋಗಬೇಡಿ. ಇದು ಲಂಡನ್ನಿನದೇ ಬಡಾವಣೆ. ಕಿಂಗ್ಸ್ ಕ್ರಾಸ್ ನಿಲ್ದಾಣದ ಉತ್ತರಕ್ಕಿರುವ ಈ ಪ್ರದೇಶ ಎರಡು ಮಹಾಯುದ್ಧಗಳ ನಡುವೆ ಹೇಗಿತ್ತೋ ಹಾಗೆ ಇಲ್ಲಿ ಮೂಡಿದೆ. ಅಳತೆ ಒಂದಕ್ಕೆ ನೂರೈವತ್ತೆರಡು. ಆರಡಿ ಆಳು 12 ಮಿಲಿಮೀಟರ್ ಆಗುತ್ತಾನೆ. ಹಿಂದೆ ಹಿಂದೆ ಹೋದಂತೆ ಮನೆಗಳು ಇನ್ನೂ ಚಿಕ್ಕದಾಗುತ್ತವೆ. ಹಾಗಾಗಿ ಮೇಜಿನ ಮೇಲೆ ದೂರದ ನಗರವೇ ಕಾಣುತ್ತದೆ. 1855ರಲ್ಲಿ ಶುರುವಾದ ದನದ ಸಂತೆಯ ಗಡಿಯಾರದ ಗೋಪುರ ಅಲ್ಲಿದೆ. ನಿಜವಾದ ಗೋಪುರ ಇಂದಿಗೂ ನಿಂತಿದೆ. ಸಂತೆ ಮಾತ್ರ ಎಂದೋ ಮುಗಿದುಹೋಯಿತು.

ಇನ್ನೊಬ್ಬನ ಕಥೆ ಕೇಳಿ. ಅಡ್ಡಹೆಸರು ಇಂಗ್ಲೆಂಡ್, ಬಂದದ್ದು ಆಸ್ಟ್ರೇಲಿಯಾದಿಂದ! ರಾಯ್ ಇಂಗ್ಲೆಂಡ್ 1925ರಲ್ಲಿ ಬ್ರಿಟನ್ನಿಗೆ ಬಂದಾಗ ‘ವೇಲ್ ಆಫ್ ವೈಟ್ ಹಾರ್ಸ್’ ಎಂಬ ಕಣಿವೆಯ ಹುಲ್ಲುಚಾವಣಿಯ ಮನೆಗಳಿಗೆ ಮನಸೋತ. ಆದರೆ ಅವನ ಕಣ್ಣೆದುರೇ ಒಂದೊಂದಾಗಿ ಅವು ಬಿದ್ದುಹೋಗುತ್ತಿದ್ದವು, ಇಲ್ಲವೇ ರೂಪ ಕಳೆದುಕೊಳ್ಳುತ್ತಿದ್ದವು. ಕೊಂಡು ಉಳಿಸುವ ಶಕ್ತಿ ಅವನಿಗೆಲ್ಲಿಂದ ಬರಬೇಕು? ನಿಜವಾದ ಮನೆಗಳನ್ನು ನೋಡಿ, ಅಳತೆ ತೆಗೆದುಕೊಂಡು, ಎಪ್ಪತ್ತಾರನೆಯ ಒಂದು ಪಾಲಿಗೆ ಇಳಿಸಿ, ರಟ್ಟಿನಲ್ಲಿ ಕಟ್ಟಿದ. ಕಲ್ಲು ಕಲ್ಲಿಗೂ ಬೇರೆ ಬಣ್ಣ. ಹಿತ್ತಲಲ್ಲಿ ಕೋಸಿನ ಸಾಲು. ಆಕ್ಸ್‌ಫರ್ಡ್‌ಶೈರಿನ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ 1954ರಲ್ಲಿ ಆರಂಭವಾದ ಪೆಂಡನ್ ಮ್ಯೂಸಿಯಂ ಬೆಳೆದದ್ದು ಹೀಗೆ. ಅಹರ್ನ್‌ನ ಮ್ಯಾಡರ್ ವ್ಯಾಲಿಯೂ ಈಗ ಇರುವುದು ಅಲ್ಲಿಯೇ.

ಒಂದು ತಕರಾರು ಏಳುತ್ತದೆ. ಹುಲ್ಲಿನ ಮಾಡು ನೋಡುವವರಿಗೆ ಚೆಂದ. ಒಳಗಿದ್ದವರಿಗೆ ತೇವ, ಇಲಿ, ಬಡತನ. ಅದನ್ನು ಕಿತ್ತು ಗಟ್ಟಿ ಚಾವಣಿ ಹಾಕಿಸಿಕೊಂಡವರು ತಪ್ಪು ಮಾಡಿದರೆ? ಖಂಡಿತ ಇಲ್ಲ. ಮಾದರಿಯ ಮನೆಯಲ್ಲಿ ಚಳಿಗಾಲವಿಲ್ಲ, ಕೆಮ್ಮಿಲ್ಲ, ಬಾಡಿಗೆಯ ಚಿಂತೆಯೂ ಇಲ್ಲ. ಹಳೆಯದೆಲ್ಲ ಸೊಗಸೆಂದು ತೋರಿಸುವ ಅಪಾಯ ಈ ಹವ್ಯಾಸಕ್ಕೆ ಇದ್ದೇ ಇದೆ.

ಆದರೂ ಬದಲಾಯಿಸುವುದು ಬೇರೆ, ಮರೆಯುವುದು ಬೇರೆ. ಹೊಸ ಮನೆ ಕಟ್ಟಿಕೊಳ್ಳಲು ಎಲ್ಲರಿಗೂ ಹಕ್ಕಿದೆ. ಹಳೆಯ ಗೋಡೆಯಲ್ಲಿ ಕಲ್ಲನ್ನು ಹೇಗೆ ಕೂರಿಸಿದ್ದರು, ಅಗಸೆ ಎಲ್ಲಿತ್ತು, ಬಾವಿ ಯಾವ ಕಡೆಗಿತ್ತು ಎಂದು ಯಾರಾದರೊಬ್ಬರು ಅಳೆದು ಬರೆದಿಟ್ಟರೆ ಅದರಿಂದ ಯಾರಿಗೂ ನಷ್ಟವಿಲ್ಲ. ಬರೆದಿಡದಿದ್ದರೆ, ಅಲ್ಲೇ ಹುಟ್ಟಿದವರಿಗೂ ಎರಡು ತಲೆಮಾರಿನ ಮೇಲೆ ಊರಿನ ಚಹರೆ ಗೊತ್ತಿರುವುದಿಲ್ಲ. ಹಾಗೆ ಬರೆದಿಡಲು ರೈಲು ಒಂದು ನೆಪವಾಯಿತು. ಗಾಡಿ ಓಡುತ್ತದೆಂದು ಮಕ್ಕಳು ಬರುತ್ತಾರೆ. ಬಂದವರು ಊರನ್ನು ನೋಡಿ ಹೋಗುತ್ತಾರೆ.

ರಾಯ್ ಇಂಗ್ಲೆಂಡ್ 1995ರಲ್ಲಿ ತೀರಿಕೊಂಡಾಗ ಅವನ ಕಣಿವೆ ಪೂರ್ತಿಯಾಗಿರಲಿಲ್ಲ. ತನ್ನ ಕಾಲದಲ್ಲಿ ಮುಗಿಯುವ ಕೆಲಸವಲ್ಲವೆಂದು ಅವನಿಗೂ ಗೊತ್ತಿದ್ದೀತು. ಸ್ವಯಂಸೇವಕರು ಅದನ್ನು ಮುಂದುವರಿಸಿದರು. ಅವನ ಮುಖವನ್ನೇ ಕಾಣದವರು ಕೂಡ, ಅವನು ಮೆಚ್ಚಿದ ಹಿತ್ತಲುಗಳಿಗೆ ಚಿಮಟದಲ್ಲಿ ಹಿಡಿದು ಒಂದೊಂದೇ ಗಿಡ ನೆಡುತ್ತಾರೆ.