ಕಣಜದ ಜೋಳ, ರಕ್ತದ ಔಷಧ

ಆ್ಯಂಟಿಬಯೋಟಿಕ್ ಎನ್ನಲಾಗುವ ಪ್ರತಿಜೈವಿಕ ಔಷಧಗಳಲ್ಲಿ ಕೆಲವನ್ನು ವೈದ್ಯರು ದಿನಕ್ಕೊಮ್ಮೆ ಕೊಡುತ್ತಾರೆ; ಕೆಲವನ್ನು ಎಂಟು ಗಂಟೆಗೊಮ್ಮೆ ಸೇವಿಸಲು ಹೇಳುತ್ತಾರೆ. ಈ ವ್ಯತ್ಯಾಸದ ಕಾರಣಗಳಲ್ಲೊಂದು ನಮ್ಮ ರಕ್ತದಲ್ಲಿಯೇ ಇದೆ.

ಯಕೃತ್ತು ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನು ರಕ್ತದಲ್ಲಿ ಹೇರಳವಾಗಿದೆ. ರಕ್ತವನ್ನು ಸೇರಿದ ಔಷಧದ ಒಂದು ಭಾಗ ಅದಕ್ಕೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಭಾಗವು ರೋಗಾಣುವಿನ ಮೇಲೆ ಕೆಲಸ ಮಾಡಲಾರದು. ಬಿಡಿಯಾಗಿ ಉಳಿದ ಭಾಗಕ್ಕೆ ಮಾತ್ರ ಆ ಶಕ್ತಿಯುಂಟು. ಕಣಜದಲ್ಲಿ ಜೋಳ ಎಷ್ಟೇ ಇರಲಿ, ಹೊರತೆಗೆದು ರೊಟ್ಟಿ ಮಾಡಿದಷ್ಟೇ ಹಸಿವನ್ನು ನೀಗಿಸುತ್ತದೆಯಲ್ಲವೆ?

ಹಾಗೆಂದು ಕಣಜ ವ್ಯರ್ಥವಲ್ಲ. ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಶೇ. 85ರಿಂದ 95ರಷ್ಟು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಿಡಿ ಭಾಗ ಕಡಿಮೆಯಾದಂತೆ ಅಂಟಿದ್ದು ಮೆಲ್ಲನೆ ಕಳಚಿಕೊಂಡು ಬರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಆರರಿಂದ ಒಂಬತ್ತು ಗಂಟೆ ಬೇಕು. ಆದುದರಿಂದ ಅನೇಕ ಸೋಂಕುಗಳಿಗೆ ದಿನಕ್ಕೊಮ್ಮೆ ಸಾಕು. ಅಮಾಕ್ಸಿಸಿಲಿನ್ ಸುಮಾರು ಶೇ. 20ರಷ್ಟು ಮಾತ್ರ ಅಂಟಿಕೊಳ್ಳುತ್ತದೆ. ಮೂತ್ರಪಿಂಡಗಳು ಅದನ್ನು ಬೇಗನೆ ಹೊರಹಾಕುವುದರಿಂದ ಸುಮಾರು ಒಂದೇ ಗಂಟೆಯಲ್ಲಿ ಅದು ಅರ್ಧವಾಗುತ್ತದೆ. ಅದರ ಒಂದು ಹೊತ್ತಿನ ಮಾತ್ರೆ ತಪ್ಪಿದರೆ ರೋಗಾಣುವಿಗೆ ಬಿಡುವು ದೊರೆತಂತೆ.

ಎಲ್ಲರ ಕಣಜವೂ ಒಂದೇ ಅಳತೆಯದಲ್ಲ. ಯಕೃತ್ತಿನ ಕಾಯಿಲೆ, ಮೂತ್ರದಲ್ಲಿ ಪ್ರೋಟೀನು ಸೋರುವ ರೋಗ, ತೀವ್ರ ಅಪೌಷ್ಟಿಕತೆ ಇದ್ದವರಲ್ಲಿ ಆಲ್ಬುಮಿನ್ ಕುಗ್ಗುತ್ತದೆ. ಆಗ ಹೆಚ್ಚು ಅಂಟಿಕೊಳ್ಳುವ ಔಷಧಗಳ ಲೆಕ್ಕಾಚಾರವೇ ಬದಲಾಗಬಹುದು.

ನವಜಾತ ಶಿಶುಗಳ ವಿಷಯದಲ್ಲಂತೂ ಇದು ಪ್ರಾಣದ ಪ್ರಶ್ನೆ. ಕಾಮಾಲೆಗೆ ಕಾರಣವಾದ ಬಿಲಿರುಬಿನ್ ಎಂಬ ಹಳದಿ ವಸ್ತುವೂ ಆಲ್ಬುಮಿನ್ನಿಗೇ ಅಂಟಿಕೊಂಡಿರುತ್ತದೆ. ಕೆಲವು ಔಷಧಗಳು ಅದನ್ನು ತಳ್ಳಿ ತಾವು ಆ ಸ್ಥಳವನ್ನು ಆಕ್ರಮಿಸುತ್ತವೆ. ಬಿಡಿಯಾದ ಬಿಲಿರುಬಿನ್ ಮೆದುಳನ್ನು ಸೇರಿ ಹಾನಿ ಮಾಡುತ್ತದೆ. 1956ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೋಂಕು ತಗಲದಿರಲೆಂದು ಪೆನಿಸಿಲಿನ್ ಜೊತೆಗೆ ಸಲ್ಫಾ ಔಷಧ ಪಡೆದ ಅವಧಿಪೂರ್ವ ಶಿಶುಗಳಲ್ಲಿ, ಬೇರೆ ಔಷಧ ಪಡೆದವುಗಳಿಗಿಂತ ಸಾವು ಮತ್ತು ಇಂತಹ ಮೆದುಳಿನ ಹಾನಿ ಹೆಚ್ಚಾಗಿ ಕಂಡವು. ಕಾಮಾಲೆಯಿರುವ ನವಜಾತ ಶಿಶುಗಳಿಗೆ ಸೆಫ್ಟ್ರಿಯಾಕ್ಸೋನನ್ನು ವರ್ಜಿಸುವುದೂ ಇದೇ ಕಾರಣದಿಂದ.

ಆದುದರಿಂದ ತಾಯಂದಿರೂ ಹಿರಿಯರೂ ಗಮನಿಸಬೇಕಾದುದಿಷ್ಟು: ಒಬ್ಬರಿಗೆ ಬರೆದ ಔಷಧವನ್ನು ಇನ್ನೊಬ್ಬರಿಗೆ ಕೊಡಬಾರದು. ಪ್ರಮಾಣವನ್ನೂ ವೇಳೆಯನ್ನೂ ತಾವಾಗಿ ಬದಲಿಸಬಾರದು. ಯಕೃತ್ತು, ಮೂತ್ರಪಿಂಡಗಳ ತೊಂದರೆಯನ್ನೂ ಸೇವಿಸುತ್ತಿರುವ ಇತರ ಔಷಧಗಳನ್ನೂ ವೈದ್ಯರಿಗೆ ಮರೆಯದೆ ತಿಳಿಸಬೇಕು. ಔಷಧ ಒಂದೇ ಆದರೂ ಅದನ್ನು ಸ್ವೀಕರಿಸುವ ದೇಹ ಒಂದೇ ಅಲ್ಲ.