ಗೃಹ ಆರೋಗ್ಯ: ಬಿಪಿ ನೋಡಿ ಹೋದ ಮೇಲೆ ಹಾಸಿಗೆ ಹಿಡಿದವರ ಗತಿಯೇನು?

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಗಂಗೆಯ ಕೊಳದ ಮುಂದೆ ಮಕ್ಕಳಾಗಲಿ ಎಂದು ಹರಕೆ ಹೊರುವವರು ಬಹಳ. ಅದೇ ಸುತ್ತಿನ ಯಾವುದೋ ಹಳ್ಳಿಯಲ್ಲಿ, ಮಕ್ಕಳೆಲ್ಲ ದುಡಿಯೋಕೆ ಬೆಂಗಳೂರು ಸೇರಿದ ಮೇಲೆ, ಲಕ್ವ ಹೊಡೆದು ಮಲಗಿರುವ ಒಬ್ಬ ಅಜ್ಜನನ್ನು ಊಹಿಸಿಕೊಳ್ಳಿ. ನೋಡಿಕೊಳ್ಳಲು ಇರುವುದು ಮಂಡಿನೋವಿನ ಅಜ್ಜಿ ಒಬ್ಬರೇ. ಮೂತ್ರಕ್ಕೆ ಪೈಪ್ ಹಾಕಿದ್ದಾರೆ, ಅದನ್ನು ಕೆಲವು ವಾರಕ್ಕೊಮ್ಮೆ ಬದಲಿಸಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಬೆನ್ನಲ್ಲಿ ಹುಣ್ಣು. ಪೈಪ್ ಬದಲಿಸೋದು ಪಳಗಿದ ನರ್ಸ್‌ಗೆ ಅರ್ಧ ಗಂಟೆಯೂ ಹಿಡಿಯದ ಕೆಲಸ. ಅಷ್ಟಕ್ಕೇ ಆಟೋ ಗೊತ್ತು ಮಾಡಿ, ಇಬ್ಬರು ಹಿಡಿದು ಎತ್ತಿ, ಹೊಸದುರ್ಗದ ಆಸ್ಪತ್ರೆಗೆ ಒಯ್ಯಬೇಕು. ಹಿಡಿದುಕೊಂಡು ಹೋದವರ ಕೂಲಿಯೂ ಹೋಯ್ತು. ಹೀಗಾಗಿ ಪೈಪ್ ಕಟ್ಟಿ ಚಳಿಜ್ವರ ಬರೋವರೆಗೂ ಮುಂದೂಡುತ್ತಾರೆ.

ಮನೆ ಬಾಗಿಲಿಗೆ ಆರೋಗ್ಯ ಅನ್ನೋ ಮಾತು ರಾಜ್ಯದಲ್ಲಿ ಹೊಸದೇನಲ್ಲ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ 'ಗೃಹ ಆರೋಗ್ಯ' ಯೋಜನೆ ಈಗ ರಾಜ್ಯಕ್ಕೆಲ್ಲ ವಿಸ್ತರಣೆಯಾಗಿದೆ. 30 ದಾಟಿದವರ ಬಿಪಿ, ಶುಗರ್ ನೋಡುತ್ತಾರೆ, ಕ್ಯಾನ್ಸರ್ ಲಕ್ಷಣ ಕೇಳುತ್ತಾರೆ. ಒಳ್ಳೆಯ ಕೆಲಸ, ಅನುಮಾನವಿಲ್ಲ. ಬಿಪಿ ಇರೋದೇ ಗೊತ್ತಿಲ್ಲದೆ ಲಕ್ವ ಹೊಡೆಸಿಕೊಂಡವರು ಎಷ್ಟು ಜನ! ಆದರೆ ಇದು ಕಾಯಿಲೆ ಪತ್ತೆ ಮಾಡೋ ಯೋಜನೆ. ಆಗಲೇ ಮಲಗಿದವರ ಆರೈಕೆ ಇದರ ಮುಖ್ಯ ಗುರಿಯಲ್ಲ.

ಹಾಗಾದರೆ ಆರೈಕೆ ಯಾರ ಕೆಲಸ? ಕಾಗದದ ಮೇಲೆ ಉತ್ತರ ಇದೆ. 2018ರ ಆಯುಷ್ಮಾನ್ ಭಾರತ್ ಪ್ರಕಾರ ಉಪಕೇಂದ್ರಗಳು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆ, ನೋವು ಶಮನ ಆರೈಕೆಯೂ ಸೇರಿವೆ. ಅಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಹೆಚ್ಚಿನವರು ಬಿಎಸ್ಸಿ ನರ್ಸಿಂಗ್ ಓದಿದವರೇ. ಅಂದ್ರೆ ಪೈಪ್ ಬದಲಿಸೋದು, ಹುಣ್ಣಿಗೆ ಡ್ರೆಸ್ಸಿಂಗ್ ಮಾಡೋದು ಬಲ್ಲವರು ಊರಿನ ಹತ್ತಿರವೇ ಇದ್ದಾರೆ. ಆದರೆ ಅವರು ಉಪಕೇಂದ್ರದಲ್ಲಿ ಕೂತು ಹೊರರೋಗಿಗಳನ್ನು ನೋಡಬೇಕು, ಇ-ಸಂಜೀವಿನಿಯಲ್ಲಿ ಡಾಕ್ಟರನ್ನು ಹಿಡಿಯಬೇಕು, ಒಂದಾದ ಮೇಲೊಂದು ಪೋರ್ಟಲ್ ತುಂಬಬೇಕು. ಬಯಲುಸೀಮೆಯಲ್ಲಿ ಉಪಕೇಂದ್ರಕ್ಕೆ 5,000 ಜನ ಅನ್ನೋದು ಲೆಕ್ಕ. ಕೆಲಸವೋ ಗುತ್ತಿಗೆ, ಪ್ರೋತ್ಸಾಹಧನ ಸಿಗೋದು ಗುರಿ ಮುಟ್ಟಿದರೆ. ಒಬ್ಬ ಅಜ್ಜನ ಮನೆಯಲ್ಲಿ ಒಂದು ಗಂಟೆ ಕೂತರೆ ಆ ಹೊತ್ತಲ್ಲಿ ಹತ್ತು ಜನರ ಬಿಪಿ ತಪ್ಪುತ್ತೆ.

ಪಕ್ಕದ ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿತು. ಪಂಚಾಯಿತಿಯೇ ಒಬ್ಬ ನರ್ಸ್ ಇಟ್ಟುಕೊಂಡು, ಆಶಾ ಮತ್ತು ಊರಿನ ಸ್ವಯಂಸೇವಕರ ಜೊತೆ ಹಾಸಿಗೆ ಹಿಡಿದವರ ಮನೆಗೆ ಸರದಿ ಪ್ರಕಾರ ಕಳಿಸುತ್ತೆ. ಆಕೆಗೆ ಬೇರೆ ಗುರಿ ಇಲ್ಲ, ಮಲಗಿದವರೇ ಗುರಿ. ಮನೆಯವರಿಗೆ ಮಗ್ಗುಲು ತಿರುಗಿಸೋದು, ಟ್ಯೂಬಿನಲ್ಲಿ ಗಂಜಿ ಕೊಡೋದು ಕಲಿಸಿ ಬರುತ್ತಾರೆ. ನನ್ನ ಲೆಕ್ಕದಲ್ಲಿ ಡ್ರೆಸ್ಸಿಂಗ್‌ಗಿಂತ ಇದೇ ದೊಡ್ಡದು. ನರ್ಸ್ ಬರೋದು ಒಂದು ದಿನ, ಅಜ್ಜಿ ಇರೋದು ದಿನಾ.

ಬೆಂಗಳೂರಿನಲ್ಲಿ ದುಡ್ಡಿದ್ದವರಿಗೆ ಏಜೆನ್ಸಿಗಳು 'ಹೋಮ್ ನರ್ಸ್' ಕಳಿಸುತ್ತವೆ. ಆ ಹೆಸರಲ್ಲಿ ಬರುವವರೆಲ್ಲ ನರ್ಸಿಂಗ್ ಓದಿದವರಲ್ಲ, ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆಯಾ ಅಂತ ಕೇಳುವವರೂ ಕಡಿಮೆ. ಹೊಸದುರ್ಗದ ಹಳ್ಳಿಗೆ ಅದೂ ಇಲ್ಲ.

ನರ್ಸ್‌ಗಳು ಎಲ್ಲಿದ್ದಾರೆ ಅಂತ ಕೇಳಬೇಡಿ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಇಲ್ಲಿ ಓದಿದವರು ಗಲ್ಫ್, ಜರ್ಮನಿಯಲ್ಲಿ ಅಲ್ಲಿನ ಮುದುಕರನ್ನು ನೋಡಿಕೊಳ್ಳುತ್ತಿದ್ದಾರೆ. ಇಲ್ಲಿ ಕೊರತೆ ಇರೋದು ಹುದ್ದೆಗೆ, ಸಂಬಳಕ್ಕೆ.

ಪಟ್ಟಿಗಾಗಿ ಹೊಸ ಸಮೀಕ್ಷೆಯೂ ಬೇಕಿಲ್ಲ. ಆಶಾ ಕಾರ್ಯಕರ್ತೆಯರು ತುಂಬಿಸಿಕೊಳ್ಳುವ ನಮೂನೆಯಲ್ಲೇ 60 ದಾಟಿದವರಿಗೊಂದು ಪ್ರಶ್ನೆ ಇದೆ: ಊಟ, ಸ್ನಾನ, ಓಡಾಟ, ಶೌಚಕ್ಕೆ ಇನ್ನೊಬ್ಬರ ಸಹಾಯ ಬೇಕಾ? 'ಹೌದು' ಅಂದವರ ಹೆಸರುಗಳನ್ನು ಗ್ರಾಮ ಪಂಚಾಯಿತಿವಾರು ತೆಗೆದು, ಪಂಚಾಯಿತಿಗೊಬ್ಬ ಮನೆ ಆರೈಕೆ ನರ್ಸ್ ಹುದ್ದೆ ಸೃಷ್ಟಿಸಿ, ಗಾಡಿಯ ಪೆಟ್ರೋಲಿಗೂ ಸೇರಿಸಿ ಮುಂದಿನ ಬಜೆಟ್‌ನಲ್ಲಿ ದುಡ್ಡು ಇಡಲಿ.