ಪತ್ತೇದಾರಿ ಕಾದಂಬರಿಗೆ ಪಂಕ್ತಿಭೇದವೇಕೆ?

ಸಾಹಿತ್ಯದ ಭೋಜನಶಾಲೆಯಲ್ಲಿ ಪತ್ತೇದಾರಿ ಕಾದಂಬರಿಕಾರನಿಗೆ ಒಳಪಂಕ್ತಿಯಲ್ಲಿ ಎಲೆ ಹಾಕಿದುದು ಅಪೂರ್ವ. ಅವನ ಪುಸ್ತಕವನ್ನು ನಡುರಾತ್ರಿಯ ತನಕ ಓದಿದ ಗೃಹಸ್ಥರೇ ಬೆಳಗಾದೊಡನೆ ಅದನ್ನು ದಿಂಬಿನಡಿಯಲ್ಲಿ ಅಡಗಿಸಿ, ನಾಲ್ವರ ಮುಂದೆ ಮಹಾಕಾವ್ಯದ ಮಾತನ್ನಾಡುತ್ತಾರೆ. ಉಂಡ ಮನೆಯನ್ನು ಹಳಿಯುವ ಈ ರೀತಿಯು ಸುಶಿಕ್ಷಿತರಿಗೆ ತಕ್ಕುದಲ್ಲ. ಅವನ ಮೇಲೆ ಹೊರಿಸುವ ಆರೋಪಗಳು ಮುಖ್ಯವಾಗಿ ಮೂರು. ಒಂದೊಂದನ್ನೂ ವಿಚಾರಿಸಿ ನೋಡುವುದು ನ್ಯಾಯ.

ಅವನ ಸ್ಫೂರ್ತಿಯು ಪರದೇಶದ ಸರಕೆಂಬುದು ಮೊದಲನೆಯ ಆರೋಪ. ಎಡಿನ್‌ಬರೊದ ವೈದ್ಯಗುರು ಜೋಸೆಫ್ ಬೆಲ್ಲರ ಸೂಕ್ಷ್ಮದೃಷ್ಟಿಗೆ ಮಾರುಹೋಗಿ ಕಾನನ್ ಡಾಯ್ಲನು 1887ರಲ್ಲಿ ಷೆರ್ಲಾಕ್ ಹೋಮ್ಸನನ್ನು ಲೋಕಕ್ಕೆ ಕೊಟ್ಟುದು ನಿಜ. ಆದರೆ ಹನ್ನೊಂದನೆಯ ಶತಮಾನದ ದುರ್ಗಸಿಂಹನ ಪಂಚತಂತ್ರದಲ್ಲಿ ಧರ್ಮಬುದ್ಧಿಯು ಮಾಡಿದುದಾದರೂ ಏನು? ಆಲದ ಮರವೇ ಸಾಕ್ಷಿ ನುಡಿಯಿತೆಂದು ಜನರೆಲ್ಲ ಬೆರಗಾಗಿ ನಿಂತಿರುವಾಗ, ಅವನೊಬ್ಬನು ಮರವನ್ನು ಸುತ್ತಿ ನೋಡಿ, ಪೊಟರೆಯಲ್ಲಿ ಮನುಷ್ಯಸಂಚಾರದ ಕುರುಹನ್ನು ಕಂಡು, ಹೊಗೆಯಿಕ್ಕಿ ಕಳ್ಳಸಾಕ್ಷಿಯನ್ನು ಬಯಲಿಗೆಳೆದನು. ಶಾಲೆಯ ಮಕ್ಕಳು ‘ವೃಕ್ಷಸಾಕ್ಷಿ’ಯೆಂದು ಓದುವ ಈ ಕಥೆಯು ಪತ್ತೇದಾರಿಯಲ್ಲವಾದರೆ ಮತ್ತಾವುದು?

ಕಲಕತ್ತೆಯ ಪೋಲೀಸು ಅಧಿಕಾರಿ ಪ್ರಿಯನಾಥ ಮುಖೋಪಾಧ್ಯಾಯರು ತಮ್ಮ ವೃತ್ತಿಯ ಅನುಭವವನ್ನೇ 1892ರಿಂದ ‘ದಾರೋಗಾರ ದಪ್ತರ’ವೆಂಬ ಕಥಾಮಾಲೆಯಾಗಿ ಪ್ರಕಟಿಸಿದರು. ಬಂಗಾಳದ ವಿದ್ಯಾವಂತರು ಇದಕ್ಕಾಗಿ ನಾಚಲಿಲ್ಲ. 1932ರಲ್ಲಿ ಶರದಿಂದು ಬಂದ್ಯೋಪಾಧ್ಯಾಯರ ವ್ಯೋಮಕೇಶನನ್ನೂ 1965ರಲ್ಲಿ ಸತ್ಯಜಿತ್ ರಾಯರ ಫೆಲೂದಾನನ್ನೂ ಮನೆಮಕ್ಕಳಂತೆ ಬರಮಾಡಿಕೊಂಡರು. ಉಡುಪಿಯೂ ಮಂಗಳೂರೂ ಒಂದೇ ಜಿಲ್ಲೆಯಾಗಿದ್ದ 1899ರಲ್ಲಿ ‘ಇಂದಿರಾಬಾಯಿ’ಯನ್ನು ಬರೆದು ಕನ್ನಡದ ಸಾಮಾಜಿಕ ಕಾದಂಬರಿಗೆ ನಾಂದಿ ಹಾಡಿದ ಗುಲ್ವಾಡಿ ವೆಂಕಟರಾಯರೂ ಪೋಲೀಸು ಇಲಾಖೆಯಲ್ಲಿದ್ದವರೇ. ಕಪಟವನ್ನು ಬಯಲಿಗೆಳೆಯುವ ಕಣ್ಣು ಈ ಕರಾವಳಿಗೆ ಹೊಸತೆಂದು ಹೇಳುವುದೆಂತು?

ಎರಡನೆಯದು, ಅವನಿಗೆ ವಿದ್ಯೆಯಿಲ್ಲ, ಬರೆವಣಿಗೆಯೆಲ್ಲ ಅವಸರದ್ದು ಎಂಬ ಆರೋಪ. ಇದರ ಪೆಟ್ಟು ಹೆಚ್ಚಾಗಿ ಬಿದ್ದುದು ಎನ್. ನರಸಿಂಹಯ್ಯನವರ ಮೇಲೆ. 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಅವರು ಓದಿದುದು ನಾಲ್ಕನೆಯ ತರಗತಿ. ಬರೆದುದು ಐನೂರಕ್ಕೆ ಮಿಕ್ಕ ಕಾದಂಬರಿ. 1952ರ ‘ಪತ್ತೇದಾರ ಪುರುಷೋತ್ತಮ’ನಿಂದ ಮೊದಲುಗೊಂಡು ಮಧುಸೂದನ, ಅರಿಂಜಯರೆಂಬ ಪತ್ತೇದಾರರನ್ನು ಅವರು ಸೃಷ್ಟಿಸಿದರು. ಐನೂರೂ ರತ್ನಗಳೆಂದು ಯಾರೂ ವಾದಿಸರು; ಒಂದೇ ಎರಕದ ಕಥೆಗಳೂ ಹಲವು ಉಂಟು. ಆದರೆ ಬರೆದ ವೇಗವೇ ದೋಷವಾಗುವುದಾದರೆ, ಹತ್ತು ಹನ್ನೊಂದು ದಿನಗಳಲ್ಲೇ ಒಂದು ಕಾದಂಬರಿಯನ್ನು ಮುಗಿಸುತ್ತಿದ್ದ ಜಾರ್ಜ್ ಸಿಮೆನಾನನನ್ನು ಫ್ರೆಂಚರು 2003ರಲ್ಲಿ ತಮ್ಮ ಮಹಾಲೇಖಕರಿಗೆ ಮೀಸಲಾದ ‘ಪ್ಲೇಯಾದ್’ ಗ್ರಂಥಮಾಲೆಗೆ ಸೇರಿಸಿದುದೇಕೆ?

ಎಳೆಯರ ಮನಸ್ಸು ಕೆಡುವುದೆಂಬುದು ಮೂರನೆಯದು. ಇಂಥ ಕಥೆಗಳಲ್ಲಿ ಅಪರಾಧಿಯು ಸಿಕ್ಕಿಬೀಳದೆ ಕಥೆ ಮುಗಿಯುವುದು ವಿರಳ; ಕಂಡುದನ್ನು ಒಡನೆ ನಂಬಬಾರದೆಂಬ ವಿವೇಕವನ್ನೇ ಅವು ಕಲಿಸುತ್ತವೆ. ಬಾಡಿಗೆ ಪುಸ್ತಕಾಲಯದಿಂದ ನರಸಿಂಹಯ್ಯನವರ ಕಾದಂಬರಿಯನ್ನು ತಂದು ಓದಿದ ಎಷ್ಟೋ ಮಂದಿಗೆ ಕನ್ನಡ ಓದಿನ ರುಚಿ ಹತ್ತಿದುದೇ ಅಲ್ಲಿಂದ. ಏಣಿಯ ಮೊದಲ ಮೆಟ್ಟಿಲನ್ನು ಕಿತ್ತೆಸೆದವರು ಅಟ್ಟ ಬರಿದಾಯಿತೆಂದು ಗೋಳಾಡುವುದರಲ್ಲಿ ಅರ್ಥವಿಲ್ಲ.

ಈ ತಾತ್ಸಾರದಿಂದ ಆಗುವ ಹಾನಿಯು ಬರಿಯ ಮಾತಿನದಲ್ಲ. ಅಗ್ಗದ ಕಾಗದದಲ್ಲಿ ಅಚ್ಚಾದ ಪುಸ್ತಕಗಳು ಬೇಗನೆ ಪುಡಿಯಾಗುತ್ತವೆ. ಪಂಡಿತರು ಬೇಡವೆಂದು ಬದಿಗಿಟ್ಟುದು ಗೆದ್ದಲಿನ ಪಾಲು. ಅದರೊಡನೆ ಒಂದು ತಲೆಮಾರಿನ ಓದಿನ ಚರಿತ್ರೆಯೂ ಅಳಿಯುತ್ತದೆ.

ಮುಂದೆ ಬರೆಯಬೇಕಾದವನಿಗೂ ಇದರಿಂದ ನಷ್ಟ. ಉಚ್ಚಿಲದ ತರುಣನೊಬ್ಬನು ರಹಸ್ಯಕಥೆಯನ್ನು ಬರೆಯ ಹೊರಟರೆ ಲಂಡನ್ನಿನ ಮಂಜನ್ನು ಕಡ ತರಬೇಕಾಗಿಲ್ಲ. ಆಟಿಯ ಮಳೆಯಲ್ಲಿ ನಿರ್ಜನವಾದ ಕಡಲತಡಿ, 1901ರಿಂದ ಕಾಪುವಿನಲ್ಲಿ ನಿಂತಿರುವ ದೀಪಸ್ತಂಭ, ಕೈರಂಪಣಿ ಎಳೆದವರೊಳಗಿನ ಪಾಲಿನ ಲೆಕ್ಕ, ಅಳಿಯಸಂತಾನದ ಹಳೆಯ ಆಸ್ತಿಯ ವ್ಯಾಜ್ಯ, ಕುಮ್ಕಿಯ ತಕರಾರು—ಇವುಗಳಲ್ಲಿ ಒಂದೊಂದರಲ್ಲೂ ಒಂದು ಕಾದಂಬರಿಗೆ ಸಾಕಾಗುವಷ್ಟು ಗುಟ್ಟುಂಟು. ಅವನು ದುರ್ಗಸಿಂಹನನ್ನೂ ಓದಲಿ, ನ್ಯಾಯಾಲಯದ ತೀರ್ಪುಗಳನ್ನೂ ಓದಲಿ, ನರಸಿಂಹಯ್ಯನವರನ್ನೂ ಓದಲಿ. ಆದರೆ ಆ ಕೊನೆಯ ಪುಸ್ತಕವು ಅವನಿಗೆ ದೊರೆಯುವುದೆಲ್ಲಿ?

ಆದುದರಿಂದ ಊರೂರಿನ ವಾಚನಾಲಯಗಳು ಪತ್ತೇದಾರಿ ಕಾದಂಬರಿಗೆಂದು ಒಂದು ಕಪಾಟನ್ನು ತೆರೆಯುವುದು ಕರ್ತವ್ಯ. ಮನೆಯ ಅಟ್ಟದಲ್ಲಿ ಇಂಥ ಪುಸ್ತಕವುಳ್ಳ ಗೃಹಸ್ಥರು ಅದನ್ನು ರದ್ದಿಗೆ ಹಾಕುವ ಬದಲು ಆ ಕಪಾಟಿಗೆ ತಲುಪಿಸಲಿ. ಹೇಗೂ ದಿಂಬಿನಡಿಯಲ್ಲಿ ಇಷ್ಟು ವರ್ಷ ಕಾಪಾಡಿದವರು ಅವರೇ ಅಲ್ಲವೇ?